ಕತ್ತಿಯ ಪೂಜೆ, ಪಿಸ್ತೂಲಿನ ಪಾಡು

ಖಂಡೇನವಮಿ ಬಂತೆಂದರೆ ಕಟಕೋಳ, ರಾಮದುರ್ಗ, ಸವದತ್ತಿ ಕಡೆಯ ಹಳೆಯ ಮನೆತನಗಳಲ್ಲಿ ಅಟ್ಟದ ಮೇಲಿನ ಗಂಟು ಕೆಳಗಿಳಿಯುತ್ತದೆ. ಕತ್ತಿ, ಕಠಾರಿ, ಎಲ್ಲೋ ಒಂದು ವಾಡೆಯಲ್ಲಿ ಮುತ್ತಜ್ಜನ ಕಾಲದ ಪಿಸ್ತೂಲು. ಎಲ್ಲವನ್ನೂ ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕಿ ತೊಳೆದು, ಕುಂಕುಮ ಏರಿಸಿ, ಚೆಂಡುಹೂ ಇಟ್ಟು ಜಗಲಿಯ ಮೇಲೆ ಸಾಲಾಗಿ ಜೋಡಿಸುತ್ತಾರೆ. ಭಕ್ತಿಗೆ ಕೊರತೆಯಿಲ್ಲ. ಆದರೆ ಇದು ಕತ್ತಿಗೆಂದು ಬೆಳೆದ ಪದ್ಧತಿ. ಪಿಸ್ತೂಲಿಗೆ ಒಗ್ಗುವುದಿಲ್ಲ ಎಂಬುದೇ ನನ್ನ ತಕರಾರು.

ಕತ್ತಿಗೆ ಒಳಗು ಎಂಬುದಿಲ್ಲ, ಪಿಸ್ತೂಲಿನ ಪ್ರಾಣವೆಲ್ಲ ನಳಿಗೆಯ ಒಳಗೇ ಇರುತ್ತದೆ. ಕರಿಮದ್ದು ಸುಟ್ಟು ಉಳಿದ ಮಸಿ ಗಾಳಿಯ ತೇವ ಹೀರಿ ಕಬ್ಬಿಣವನ್ನು ತಿನ್ನುತ್ತದೆ. ನಾವು ತಿಕ್ಕುವುದು ಹೊರಮೈಯನ್ನು, ತೊಳೆದ ನೀರು ಇಳಿಯುವುದು ಒಳಕ್ಕೆ. ಮರಳುಕಾಗದ ಹಚ್ಚಿದರಂತೂ ತಯಾರಿಸಿದವನ ಹೆಸರು, ಪರೀಕ್ಷೆಯ ಮುದ್ರೆ ಎರಡೂ ಅಳಿಸಿಹೋಗುತ್ತವೆ. ಆಮೇಲೆ ಅದರ ವಯಸ್ಸು ಹೇಳುವವರಾರು? ಕೊಬ್ಬರಿ ಎಣ್ಣೆಯೂ ಬೇಡ, ದಿನ ಕಳೆದಂತೆ ಅಂಟಾಗುತ್ತದೆ. ಒಣಬಟ್ಟೆ, ತೆಳುವಾಗಿ ಮಷಿನ್ ಎಣ್ಣೆ, ಇಷ್ಟು ಸಾಕು.

ಅದಕ್ಕೂ ಮೊದಲು ಒಳಗೆ ಮದ್ದುಗುಂಡು ಇದೆಯೇ ಎಂದು ನೋಡಬೇಕು. ಬಾಯಿಂದ ತುಂಬುವ ಪಿಸ್ತೂಲಾದರೆ ಮರದ ಕಡ್ಡಿಯನ್ನು ನಳಿಗೆಯೊಳಗೆ ಇಳಿಸಿ, ಬಾಯಿಯ ಮಟ್ಟಕ್ಕೆ ಗುರುತು ಮಾಡಿ, ಹೊರಗೆ ನಳಿಗೆಯ ಪಕ್ಕ ಹಿಡಿದು ಅಳೆಯಬೇಕು. ಕಿಡಿ ಹೋಗುವ ಕಿಂಡಿಯವರೆಗೂ ಕಡ್ಡಿ ಮುಟ್ಟದಿದ್ದರೆ ಒಳಗೆ ಏನೋ ಕೂತಿದೆ. ನೂರು ವರ್ಷದ ಮದ್ದೂ ಒಣಗಿದ್ದರೆ ಹೊತ್ತಿಕೊಳ್ಳುತ್ತದೆ. ಅಲ್ಲಿಗೆ ಕೈಬಿಟ್ಟು ತಿಳಿದವರನ್ನು ಕರೆಸಬೇಕು. ಪೂಜೆಯ ಗಡಿಬಿಡಿಯಲ್ಲಿ ಮಕ್ಕಳು ಪಿಸ್ತೂಲಿನ ಕುದುರೆ ಎಳೆದು ಆಡುವುದನ್ನು ಹಿರಿಯರು ನಗುತ್ತ ನೋಡುವುದಿದೆಯಲ್ಲ, ಅದಕ್ಕಿಂತ ದೊಡ್ಡ ತಪ್ಪಿಲ್ಲ.

ಈ ಸೀಮೆಯಲ್ಲಿ ಆಯುಧವೆಂದರೆ ಅಭಿಮಾನ ಉಕ್ಕುವುದಕ್ಕೆ ಕಾರಣವಿದೆ. 1857ರ ನಿಶ್ಶಸ್ತ್ರೀಕರಣದ ಕಾಯ್ದೆಗೆ ಮಣಿಯದೆ ಹಲಗಲಿಯ ಬೇಡರು ಬಂಡೆದ್ದು ಪ್ರಾಣ ತೆತ್ತರು. ಅವರ ಮೇಲೆ ಕಟ್ಟಿದ ಲಾವಣಿಯನ್ನು ಬ್ರಿಟಿಷ್ ಅಧಿಕಾರಿ ಫ್ಲೀಟ್ ಸಾಹೇಬ ಸಂಗ್ರಹಿಸಿದ. ಮರುವರ್ಷ ಮೇ ತಿಂಗಳಲ್ಲಿ ನರಗುಂದದ ಅರಸ ಬಾಬಾಸಾಹೇಬ ಸುರೇಬಾನದಲ್ಲಿ ಬ್ರಿಟಿಷ್ ಅಧಿಕಾರಿ ಮ್ಯಾನ್ಸನ್ನನನ್ನು ಕೊಂದ. ಈ ನೆನಪಿನ ನೆರಳಿನಲ್ಲಿ ಅಜ್ಜನ ಪಿಸ್ತೂಲನ್ನು ಒಮ್ಮೆ ಹಾರಿಸಿ ನೋಡುವ ಆಸೆ ಹುಟ್ಟಿದರೆ ಆಶ್ಚರ್ಯವಿಲ್ಲ.

ಕೊಡಗಿನವರು ಹಾರಿಸುವುದಿಲ್ಲವೇ ಎಂದು ಕೇಳುತ್ತಾರೆ. ಅಲ್ಲಿ ಸೆಪ್ಟೆಂಬರ್ ಮೊದಲ ವಾರದ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗಳನ್ನು ಒರೆಸಿ, ತೋಕ್‌ಪೂ ಎಂಬ ಹೂ ಸಿಕ್ಕಿಸಿ ಪೂಜಿಸುತ್ತಾರೆ. ಬಳಿಕ ಮರದ ತುದಿಯ ತೆಂಗಿನಕಾಯಿಗೆ ಗುರಿಯಿಡುವ ಪಂದ್ಯ. ನನಗೆ ಅದು ಮೆಚ್ಚುಗೆ. ಅಲ್ಲಿ ಕೋವಿ ವರ್ಷವಿಡೀ ಬಳಕೆಯಲ್ಲಿರುವ ವಸ್ತು, ಗುರಿ ಕಲಿತ ಕೈ. ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯದ ಭೂಮಿಯ ಹಿಡುವಳಿದಾರರಿಗೂ ಬಂದೂಕಿನ ಪರವಾನಗಿಯಿಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರಕಾರ ಅದನ್ನು 2029ರವರೆಗೆ ಮುಂದುವರಿಸಿತು. ನಮ್ಮ ಪಿಸ್ತೂಲು ತಲೆಮಾರುಗಳಿಂದ ಗಂಟಿನಲ್ಲಿದ್ದುದು. ಹಳೆಯ ನಳಿಗೆಗಳಲ್ಲಿ ಹಲವು, ಕಬ್ಬಿಣದ ಪಟ್ಟಿ ಸುತ್ತಿ ಬೆಸೆದವು. ಬೆಸುಗೆಯೊಳಗೆ ತುಕ್ಕು ಹೊಕ್ಕಿದ್ದರೆ ಕಣ್ಣಿಗೆ ಕಾಣುವುದಿಲ್ಲ. ಈ ಕಾಲದ ಹೊಗೆಯಿಲ್ಲದ ಮದ್ದಿನ ಒತ್ತಡಕ್ಕೆ ಅದು ಹಿಡಿದವನ ಕೈಯಲ್ಲೇ ಸಿಡಿಯಬಹುದು.

ಕಾನೂನೂ ಇಲ್ಲಿ ಜಾಣತನದಿಂದಲೇ ಗೆರೆ ಎಳೆದಿದೆ. 1959ರ ಆಯುಧ ಕಾಯ್ದೆಯಲ್ಲಿ ಪುರಾತನ ಬಂದೂಕಿಗೆ ವಿನಾಯಿತಿ ಸಿಗುವುದು ದುರಸ್ತಿ ಮಾಡಿದರೂ ಹಾರಿಸಲಾಗದು ಎಂಬ ಸ್ಥಿತಿಯಲ್ಲಿದ್ದರೆ ಮಾತ್ರ. ಹಾರಿಸಲು ಬರುವುದಾದರೆ ಅಜ್ಜನದಾಗಲಿ ಯಾರದಾಗಲಿ, ಪರವಾನಗಿ ಬೇಕು. 2019ರ ತಿದ್ದುಪಡಿಯಂತೆ, ಮದುವೆ ಮೆರವಣಿಗೆಯ ಸಂಭ್ರಮಕ್ಕೆ ಹಾರಿಸಿ ಜನರ ಜೀವಕ್ಕೆ ಅಪಾಯ ತಂದರೆ ಎರಡು ವರ್ಷದವರೆಗೆ ಸೆರೆ, ಇಲ್ಲವೇ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ಆದ್ದರಿಂದ ಮನೆಯವರಲ್ಲಿ ನನ್ನ ವಿನಂತಿ: ಪಿಸ್ತೂಲಿನ ಕಾಗದಪತ್ರ ಸರಿ ಮಾಡಿಸಿ, ಜಗಲಿಯ ಮೇಲೆ ಒಣಬಟ್ಟೆ ಹಾಸಿ ಅದರ ಮೇಲಿಡಿ, ಕುಂಕುಮವನ್ನು ಬಟ್ಟೆಗೇ ಏರಿಸಿ. ಗುಂಡು ಹಾರಿಸುವ ಆಸೆ ತಡೆಯಲಾಗದವರು ರೈಫಲ್ ಕ್ಲಬ್ ಸೇರಿ ಹೊಸ ಬಂದೂಕಿನಲ್ಲಿ ಕಲಿಯಲಿ.