ಹೃತ್ಸ್ನಾಯುವಿನ ಪುನರ್ಜನನ: ಒಂದು ವಾದದ ಪರಾಮರ್ಶೆ

ಹೃದಯಕ್ಕೆ ರಕ್ತವೊದಗಿಸುವ ಧಮನಿಯೊಂದು ಮುಚ್ಚಿಹೋದರೆ, ಅದನ್ನು ಆಶ್ರಯಿಸಿದ ಸ್ನಾಯುಕೋಶಗಳು ಕೆಲವೇ ಗಂಟೆಗಳಲ್ಲಿ ಸಾಯತೊಡಗುತ್ತವೆ. ದೊಡ್ಡ ಆಘಾತದಲ್ಲಿ ಈ ನಷ್ಟ ನೂರು ಕೋಟಿ ಕೋಶಗಳನ್ನು ಮುಟ್ಟಬಹುದು. ಅವುಗಳ ಸ್ಥಾನವನ್ನು ತುಂಬುವುದು ಕಲೆಯ ನಾರು. ಅದು ಗೋಡೆಯನ್ನು ಹಿಡಿದು ನಿಲ್ಲಿಸೀತೇ ಹೊರತು ಮಿಡಿಯಲಾರದು.

ಇಂಥ ಗಾಯದಲ್ಲಿ ಹೊಸ ಸ್ನಾಯುವನ್ನು ಬೆಳೆಸಬಹುದೆಂಬ ವಾದಕ್ಕೆ ಬಲ ತಂದುದು 2001ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಆರ್ಲಿಕ್, ಆನ್ವೆರ್ಸಾ ಮೊದಲಾದವರು ಪ್ರಕಟಿಸಿದ ಪ್ರಬಂಧ. ಇಲಿಯ ಅಸ್ಥಿಮಜ್ಜೆಯಿಂದ ಸಿ-ಕಿಟ್ ಎಂಬ ಗುರುತುಳ್ಳ ಕೋಶಗಳನ್ನು ಆಯ್ದು ಗಾಯದ ಅಂಚಿಗೆ ಚುಚ್ಚಿದರೆ, ಒಂಬತ್ತು ದಿನಗಳಲ್ಲಿ ಹಾನಿಗೊಂಡ ಭಾಗದ ಶೇಕಡಾ 68ರಷ್ಟನ್ನು ಹೊಸ ಸ್ನಾಯು ಆವರಿಸುತ್ತದೆಂಬುದು ಅದರ ಪ್ರತಿಪಾದನೆ. ಚುಚ್ಚಿದ ಕೋಶಗಳಲ್ಲಿ ಹಸಿರಾಗಿ ಹೊಳೆಯುವ ಪ್ರೋಟೀನು ಇದ್ದಿತು. ಹಸಿರು ಕಂಡೆಡೆ ಸ್ನಾಯುವಿನ ಲಕ್ಷಣವೂ ಕಂಡರೆ ಅದು ಆ ಕೋಶಗಳ ಸಂತತಿಯೆಂದು ಲೆಕ್ಕ. ಚಿತ್ರಗಳೇನೋ ಮನೋಹರವಾಗಿದ್ದುವು. ಆದರೆ ಗಾಯಗೊಂಡ ಅಂಗಾಂಶ ತಾನಾಗಿಯೇ ಹೊಳೆಯಬಲ್ಲದು. ಒತ್ತೊತ್ತಾಗಿ ಮಲಗಿದ ಎರಡು ಕೋಶಗಳು ಒಂದೇ ಎಂಬಂತೆ ತೋರಬಹುದು. ಇಂಥ ಪ್ರಮಾಣ ಸಹವಾಸವನ್ನು ಸೂಚಿಸೀತು, ಸಂತತಿಯನ್ನು ಸಾಧಿಸದು.

2004ರಲ್ಲಿ ಅದೇ ಪತ್ರಿಕೆಯಲ್ಲಿ ಎರಡು ತಂಡಗಳು ಇದನ್ನು ಒರೆಗೆ ಹಚ್ಚಿದುವು. ಮರ್ರಿ ಮತ್ತು ಸಂಗಡಿಗರು, ಕೋಶವು ಹೃತ್ಸ್ನಾಯುವಾದರೆ ಮಾತ್ರ ಎಚ್ಚರಗೊಳ್ಳುವ ಆನುವಂಶಿಕ ಗುರುತನ್ನು ಬಳಸಿದರು. ಆ ಗುರುತು ಏಳಲೇ ಇಲ್ಲ. ಚುಚ್ಚಿದ ಕೋಶಗಳು ರಕ್ತಕೋಶಗಳೇ ಆದುವೆಂದು ಬಾಲ್ಸಂ ತಂಡ ಕಂಡಿತು. ಆದರೂ ವಾದ ನಿಲ್ಲಲಿಲ್ಲ. ಅಸ್ಥಿಮಜ್ಜೆಯನ್ನು ಬಿಟ್ಟು, ಹೃದಯದಲ್ಲೇ ಸಿ-ಕಿಟ್ ಕಾಂಡಕೋಶಗಳಿವೆಯೆಂದು ರೂಪ ಬದಲಿಸಿತು. ಅವನ್ನು ರೋಗಿಗಳ ಹೃದಯಕ್ಕೂ ಹಾಯಿಸಲಾಯಿತು. ಅದರ ವರದಿಯನ್ನು 2011ರಲ್ಲಿ ಪ್ರಕಟಿಸಿದ ‘ಲ್ಯಾನ್ಸೆಟ್’ 2019ರಲ್ಲಿ ಹಿಂತೆಗೆದುಕೊಂಡಿತು. ಅದಕ್ಕೆ ಮುನ್ನ, 2018ರಲ್ಲಿ, ಆನ್ವೆರ್ಸಾ ಪ್ರಯೋಗಾಲಯದ 31 ಪ್ರಬಂಧಗಳಲ್ಲಿ ಕೃತಕ ದತ್ತಾಂಶಗಳಿವೆಯೆಂದು ಹಾರ್ವರ್ಡ್ ತಿಳಿಸಿ, ಅವನ್ನು ಹಿಂತೆಗೆಯುವಂತೆ ಕೋರಿತ್ತು.

ಈ ಕಥೆಯನ್ನು ಬರಿಯ ವಂಚನೆಯ ಪ್ರಕರಣವೆಂದು ಬೋಧಿಸುವುದು ಸುಲಭ. ಅದು ಸಾಲದೆಂಬುದು ನಮ್ಮ ಅಭಿಪ್ರಾಯ. ಒಂದು ಚಿತ್ರವೂ ತಿದ್ದಿದ್ದಲ್ಲವೆಂದು ಒಪ್ಪಿಕೊಂಡರೂ, ಬಣ್ಣವನ್ನು ವಂಶಾವಳಿಯೆಂದು ಓದಿದ ದೋಷ ಉಳಿಯುತ್ತದೆ. ಆ ಓದನ್ನು ಒಪ್ಪಿದವರು ಅನೇಕರು. ಅವರಲ್ಲಿ ಬಹುಮಂದಿ ಪ್ರಾಮಾಣಿಕರು.

ಎಣಿಕೆಯ ಪ್ರಮಾಣ ಬೇರೆ ಬಗೆಯದು. 1963ರ ಒಪ್ಪಂದಕ್ಕೆ ಮುಂಚಿನ ಅಣುಬಾಂಬು ಪರೀಕ್ಷೆಗಳಿಂದ ವಾಯುಮಂಡಲದಲ್ಲಿ ಹೆಚ್ಚಿದ ಇಂಗಾಲ-14, ಕೋಶ ಹುಟ್ಟಿದ ಕಾಲದ ಮುದ್ರೆಯಾಗಿ ಅದರ ಡಿಎನ್‌ಎಯಲ್ಲಿ ಉಳಿಯುತ್ತದೆ. ಇದನ್ನಳೆದ ಬೆರ್ಗ್‌ಮನ್, ಫ್ರಿಸೇನ್ ಮೊದಲಾದವರು 2009ರಲ್ಲಿ ತಿಳಿಸಿದಂತೆ, ಮಾನವನ ಹೃತ್ಸ್ನಾಯುಕೋಶಗಳಲ್ಲಿ ಹೊಸತಾಗುವುದು 25ರ ವಯಸ್ಸಿನಲ್ಲಿ ವರ್ಷಕ್ಕೆ ಶೇಕಡಾ 1, 75ರಲ್ಲಿ 0.45. ಒಂಬತ್ತು ದಿನಗಳ 68ರ ಪಕ್ಕದಲ್ಲಿ ಈ ಅಂಕಿಗಳನ್ನಿಟ್ಟು ನೋಡಬೇಕು. ಅದು ಗಾಯಗೊಂಡ ಇಲಿಯ ಲೆಕ್ಕ, ಇದು ಮನುಷ್ಯನ ಸಹಜಸ್ಥಿತಿಯ ಲೆಕ್ಕ ನಿಜ. ಆದರೂ ಸಮೃದ್ಧ ಕಾಂಡಕೋಶ ಭಂಡಾರವುಳ್ಳ ಅಂಗ ಇಷ್ಟು ಜಿಪುಣತನ ತೋರುವುದೇಕೆ?

ಹೊಸ ಸ್ನಾಯು ಹುಟ್ಟುವ ಉದಾಹರಣೆ ಇಲ್ಲದಿಲ್ಲ. ಒಂದು ದಿನದ ಇಲಿಮರಿಯ ಹೃದಯದ ತುದಿಯನ್ನು ಕತ್ತರಿಸಿದರೆ ಅದು ಮೂರು ವಾರಗಳಲ್ಲಿ ಮತ್ತೆ ಬೆಳೆಯುತ್ತದೆಂದು ಪೊರೆಲ್ಲೊ, ಸಾದೆಕ್ ಮೊದಲಾದವರು 2011ರಲ್ಲಿ ತೋರಿಸಿದರು. ಅಲ್ಲಿ ಹೊಸ ಕೋಶಗಳು ಬಂದುದು ಹಳೆಯ ಸ್ನಾಯುಕೋಶಗಳ ವಿಭಜನೆಯಿಂದಲೇ. ಏಳು ದಿನ ತುಂಬಿದ ಮರಿಯಲ್ಲಾದರೆ ಅದೇ ಗಾಯ ಕಲೆಯಾಗಿ ನಿಲ್ಲುತ್ತದೆ.