ಬೀಗವಿದೆಯೆಂಬುದೂ ಗುಟ್ಟೇ

ಕೃಷ್ಣರಾಜಪುರದ ಪಕ್ಕದ ದೂರವಾಣಿನಗರದಲ್ಲಿ 1948ರಲ್ಲಿ ನೆಲೆಗೊಂಡ ಐ.ಟಿ.ಐ. ಕಾರ್ಖಾನೆಯು ದೇಶಕ್ಕೆ ಒದಗಿಸಿದ ಹಳೆಯ ಯಾಂತ್ರಿಕ ಎಕ್ಸ್‌ಚೇಂಜುಗಳಲ್ಲಿ, ಚಂದಾದಾರನು ಆಡಿದ ಮಾತಿನ ಲವಲೇಶವನ್ನೂ ಅರಿಯದೆ ಅವನು ಮಾಡಿದ ಕರೆಗಳನ್ನಷ್ಟೇ ಲೆಕ್ಕವಿಡುವ ಮೀಟರುಗಳಿರುತ್ತಿದ್ದುವು. ಎಣಿಕೆಯ ವ್ಯಸನ ಹತ್ತಿಸಿಕೊಂಡ ನಮ್ಮಂಥವರಿಗೆ ಅದಕ್ಕಿಂತ ಸಭ್ಯವಾದ ಯಂತ್ರ ಮತ್ತೊಂದಿಲ್ಲ. ಟಾರ್ ಎಂಬ ಅನಾಮಿಕ ಜಾಲದೊಳಗಿಂದಲೇ ತಲಪಬೇಕಾದ ಆನಿಯನ್ ಸೇವೆಗಳೆಂಬ ತಾಣಗಳಲ್ಲಿ ಎಷ್ಟಕ್ಕೆ ಪ್ರವೇಶಾನುಮತಿಯ ಬೀಗವಿದೆಯೆಂದು ಎಣಿಸಹೊರಟವನಿಗೂ ಅಂಥ ಮೀಟರು ಒಂದು ಕಾಲದಲ್ಲಿ ಹೆಚ್ಚುಕಡಮೆ ದೊರಕಿತ್ತು.

ಸೇವೆ ನಡೆಸುವಾತನು ತನ್ನನ್ನು ತಲಪುವ ದಾರಿಯನ್ನು ನಮೂದಿಸಿದ ವಿವರಪತ್ರವನ್ನು ಜಾಲದ ಕೆಲವು ಸ್ವಯಂಸೇವಕ ಕಂಪ್ಯೂಟರುಗಳಲ್ಲಿ ಇರಿಸುತ್ತಾನೆ. 16 ಅಕ್ಷರದ ವಿಳಾಸಗಳ ಎರಡನೆಯ ಆವೃತ್ತಿಯಲ್ಲಿ, ಆ ಪತ್ರದ ಸಂಪರ್ಕಸ್ಥಾನಗಳ ಭಾಗವು ಗೂಢಲಿಪಿಯಲ್ಲಿದ್ದರೆ ಅನುಮತಿ ಬೇಕೆಂದೂ, ಬಿಡಿಸಿ ಓದುವಂತಿದ್ದರೆ ಬೇಡವೆಂದೂ, ಪತ್ರವನ್ನು ಕಾಯುವ ಕಂಪ್ಯೂಟರೇ ತಿಳಿಯಬಹುದಾಗಿತ್ತು. ಆದರೂ ಲೆಕ್ಕ ನೆಟ್ಟಗೆ ಬರುತ್ತಿರಲಿಲ್ಲ. ‘ಸ್ಟೆಲ್ತ್’ ವಿಧಾನದಲ್ಲಿ ಒಬ್ಬೊಬ್ಬ ಗ್ರಾಹಕನಿಗೂ ಬೇರೆಬೇರೆ ವಿಳಾಸವೂ ಬೇರೆಬೇರೆ ಪತ್ರವೂ ಇದ್ದುದರಿಂದ, ಹತ್ತು ಮಂದಿಗೆ ತೆರೆದ ಒಂದೇ ಸೇವೆಯು ಎಣಿಸುವವನ ಕಣ್ಣಿಗೆ ಹತ್ತಾಗಿ ತೋರುತ್ತಿತ್ತು.

2021ರಲ್ಲಿ ಆ ಆವೃತ್ತಿ ಕೊನೆಗೊಂಡಿತು. 56 ಅಕ್ಷರದ ವಿಳಾಸವುಳ್ಳ ಮೂರನೆಯದರಲ್ಲಿ ಪತ್ರಕ್ಕೆ ಎರಡು ಪದರದ ಗೂಢಲಿಪಿ. ವಿಳಾಸವನ್ನರಿಯದವನಿಗೆ ಮೊದಲ ಪದರವೇ ಬಿಚ್ಚದು. ಬಿಚ್ಚಿದರೂ ಅಲ್ಲಿಯ ಗ್ರಾಹಕರ ಸಾಲುಗಳು 16ರ ಗುಣಕಗಳಲ್ಲಿಯೇ ಇರುತ್ತವೆ. ಬೀಗವೇ ಇಲ್ಲದ ಸೇವೆಯು ಸಹ ಅಷ್ಟು ಹುಸಿ ಸಾಲುಗಳನ್ನು ತುಂಬಿಡುತ್ತದೆ. ನನ್ನ ವ್ಯಸನಕ್ಕೆ ಕಲ್ಲುಹಾಕಿದ ಈ ಹುಸಿಯನ್ನು ನಾನು ಮನಸಾರೆ ಮೆಚ್ಚುತ್ತೇನೆ. ವಿಳಾಸಬಲ್ಲವನು ಒಳಪದರ ಬಿಚ್ಚುವುದೋ ಇಲ್ಲವೋ ಎಂದು ಪರೀಕ್ಷಿಸಬಹುದು, ನಿಜ. ಆದರೆ ಬೀಗ ಹಾಕಿದವರು ವಿಳಾಸವನ್ನು ಊರಿಗೆಲ್ಲ ಸಾರುವುದುಂಟೆ? ಸೆಕ್ಯೂರ್‌ಡ್ರಾಪ್ ಎಂಬ ಗುಪ್ತ ಸುದ್ದಿಪೆಟ್ಟಿಗೆಯನ್ನು ಬಳಸುವ ಪತ್ರಿಕಾಲಯಗಳು ಸುದ್ದಿ ತರುವವರಿಗಾಗಿ ಹೊರಬಾಗಿಲಿನ ವಿಳಾಸವನ್ನು ಪ್ರಕಟಿಸುತ್ತವೆ. ಪತ್ರಕರ್ತರು ಪ್ರವೇಶಿಸುವ, ಬೀಗವುಳ್ಳ ಒಳಬಾಗಿಲಿನದನ್ನು ಪ್ರಕಟಿಸುವುದಿಲ್ಲ. ಬಹಿರಂಗ ಪಟ್ಟಿ ಹಿಡಿದು ಎಣಿಸುವವನಿಗೆ ಆದಕಾರಣ ಬೀಗಗಳು ಇರುವುದಕ್ಕಿಂತ ವಿರಳವಾಗಿಯೇ ಕಾಣುವುವು.

ಸೇವೆಗಳ ವಿವರಪತ್ರವನ್ನು ವಿಚಾರಿಸಿ ಬಂದವರನ್ನು ಎಣಿಸೋಣವೆಂದರೆ ಅದೂ ಸುಲಭವಲ್ಲ. ಬಳಕೆದಾರರ ಗೋಪ್ಯತೆಗೆ ಭಂಗಬಾರದಂತೆ ಬೇಕೆಂದೇ ಅಂಕಿಗಳಲ್ಲಿ ತುಸು ಕಲಬೆರಕೆ ಮಾಡಿ ಎಣಿಸಿದ 2018ರ ಅಮೆರಿಕದ ಅಧ್ಯಯನವೊಂದು, ಆನಿಯನ್ ವಿಳಾಸಗಳನ್ನು ಅರಸಿದ ವಿಚಾರಣೆಗಳಲ್ಲಿ ಸುಮಾರು ಶೇಕಡ 90 ನಿರರ್ಥಕವೆಂದು ಕಂಡುಕೊಂಡಿತು. ಇಂತಿಷ್ಟು ಶೇಕಡ ಸೇವೆಗಳಿಗೆ ಬೀಗವಿದೆಯೆಂದು ಯಾರಾದರೂ ಖಂಡಿತವಾಗಿ ನುಡಿದರೆ, ಅದು ಯಾವ ಆವೃತ್ತಿಯ ಲೆಕ್ಕ, ಯಾರು ಕೊಟ್ಟ ಪಟ್ಟಿಯಿಂದ ಎಂದು ವಾಚಕರು ಮೊದಲು ಕೇಳಬೇಕಾಗಿ ವಿನಂತಿ.