ಕಹಿಯ ಮೇಲಣ ಕವಚ

ಸೂಕ್ಷ್ಮವಾದುದೆಲ್ಲವೂ ಸಮರ್ಥವೆಂಬ ಭ್ರಾಂತಿ ನಮ್ಮ ವಿಜ್ಞಾನಲೇಖಕರಲ್ಲಿ ಬೇರೂರಿರುವುದರಿಂದಲೋ ಏನೋ, ಬಡವರ ಮಕ್ಕಳನ್ನು ಕಾಡುವ ಪರೋಪಜೀವಿ ರೋಗಗಳ ಮಾತು ಬಂದೊಡನೆ ನ್ಯಾನೋಕಣವೇ ಸಂಜೀವಿನಿಯೆಂಬ ಸ್ತುತಿಪಾಠ ಆರಂಭವಾಗುತ್ತದೆ. ಆ ಕೀರ್ತಿಯಲ್ಲಿ ಗಳಿಕೆಗಿಂತ ಕಡವೇ ಹೆಚ್ಚು.

ವಿಕ್ಟೋರಿಯಾ ಸರೋವರದ ದಡದಲ್ಲಿ ತಾಯಿ ಬಟ್ಟೆಯೊಗೆಯುತ್ತಿರಲು, ಪಕ್ಕದಲ್ಲಿ ನೀರಾಡುವ ಕೂಸಿನ ಚರ್ಮವನ್ನೇ ಭೇದಿಸಿ ಒಳಹೊಗುವ, ಬಸವನಹುಳುವಿನಿಂದ ಹೊರಬಿದ್ದ ಮರಿಹುಳು ತಂದೊಡ್ಡುವ ಶಿಸ್ಟೊಸೋಮಿಯಾಸಿಸ್ಸಿಗೆ ಇಂದಿಗೂ ನೆಚ್ಚಬೇಕಾದ ಮದ್ದು 1970ರ ದಶಕದ ಪ್ರಾಜಿಕ್ವಾಂಟೆಲ್. ಅದರ 600 ಮಿಲಿಗ್ರಾಂ ಗುಳಿಗೆಯನ್ನು ದೊಡ್ಡವರು ಗುಟುಕು ನೀರಿನೊಡನೆ ನುಂಗಿಬಿಡುತ್ತಾರೆ. ಎರಡು ವರ್ಷದ ಮಗುವಿಗೆಂದು ಚಮಚದ ಬೆನ್ನಿನಿಂದ ಅರೆದು ಕಲಸಿದರೆ, ಅದುವರೆಗೆ ಗುಳಿಗೆಯೊಳಗೆ ಅಡಗಿದ್ದ ಕಹಿಯೆಲ್ಲ ನಾಲಿಗೆಗೆ ಹರಡಿ, ಮದ್ದಿನ ಬಹುಪಾಲು ತಾಯಿಯ ಸೆರಗಿನ ಮೇಲೆ ಬೀಳುತ್ತದೆ.

ಈ ಕಹಿಯನ್ನು ಪಾಲಿಮರಿನ ಅಥವಾ ಕೊಬ್ಬಿನ ಕಣದೊಳಗೆ ಬಚ್ಚಿಡುವುದೇ ನ್ಯಾನೋಪಂಥದ ಉಪಾಯ. ಸೊಗಸಾದ ಉಪಾಯ, ತೂಕಕ್ಕಿಡುವತನಕ. ರೂಢಿಯ ಪ್ರಮಾಣ ದೇಹತೂಕದ ಕಿಲೋಗೆ 40 ಮಿಲಿಗ್ರಾಂ. ಹತ್ತು ಕಿಲೋ ಮಗುವಿಗೆ 400. ಕಣದ ತೂಕದಲ್ಲಿ ಹತ್ತರಲ್ಲೊಂದಂಶ ಮಾತ್ರ ಮದ್ದೆಂದು ಹಿಡಿದರೆ, ಆ ಕೂಸು ನುಂಗಬೇಕಾದ ಪುಡಿ ನಾಲ್ಕು ಗ್ರಾಂ! ಕವಚವೇ ಯೋಧನಿಗಿಂತ ಒಂಬತ್ತು ಪಟ್ಟು ಭಾರವಾದ ಮೇಲೆ ಯುದ್ಧದ ಮಾತೆಲ್ಲಿ? ಅದಕ್ಕೂ ಮಿಗಿಲಾದ ದೋಷ ಬೇರೆಯಿದೆ. ಪ್ರಾಜಿಕ್ವಾಂಟೆಲ್ ಎಡಗೈ ಬಲಗೈಗಳಂತೆ ಪರಸ್ಪರ ದರ್ಪಣಬಿಂಬಗಳಾದ ಎರಡು ರೂಪಗಳ ಸಮಮಿಶ್ರಣ: ಹುಳುವನ್ನು ಕೊಲ್ಲುವುದು ಮುಖ್ಯವಾಗಿ ಒಂದು, ಹೆಚ್ಚು ಕಹಿಯಾದುದು ಮತ್ತೊಂದು. ಹೊರಹಾಕಬೇಕಾದುದನ್ನು ಕಣವು ಜೋಪಾನವಾಗಿ ಹೊದೆಸಿ ಮಗುವಿನ ಹೊಟ್ಟೆಗೆ ತಲುಪಿಸುತ್ತದೆ.

ರುಚಿ ಗೌಣ, ರಕ್ತಕ್ಕೆ ಸೇರುವ ಅಂಶ ಹೆಚ್ಚುವುದೇ ಮುಖ್ಯವೆಂದು ವಾದಿಸುವ ಸಮೀಕ್ಷಕರುಂಟು. ಇವರು ಮಗುವಿನ ಬಾಯಿ ತೆರೆಸಿ ಮದ್ದು ಹಾಕಿದವರಲ್ಲವೆಂದೇ ನನ್ನ ಗುಮಾನಿ; ಪ್ರಯೋಗಾಲಯದ ಇಲಿಗೆ ಕೊಳವೆಯ ಮೂಲಕ ಹೊಟ್ಟೆಗೇ ಮದ್ದಿಳಿಸುವಾಗ ಉಗುಳುವ ಪ್ರಶ್ನೆಯೇ ಏಳದು. ಉಗುಳಿದ ಮದ್ದು ರಕ್ತಕ್ಕೆ ಸೇರುವ ಬಗೆಯನ್ನು ಇವರು ಇನ್ನೂ ವಿವರಿಸಿಲ್ಲ.

ಕಾಲಾ ಅಜಾರ್ ಎಂಬ ಇನ್ನೊಂದು ಪರೋಪಜೀವಿ ರೋಗದ ವಿಷಯದಲ್ಲಿ ಲೈಪೊಸೋಮಿನ, ಎಂದರೆ ಕೊಬ್ಬಿನ ನ್ಯಾನೋಕಣದೊಳಗಿನ, ಆಂಫೊಟೆರಿಸಿನ್ ಮದ್ದು ಗೆದ್ದಿದೆಯೆಂಬುದನ್ನು ಅಲ್ಲಗಳೆಯಲಾರೆ. ಮುಜಫ್ಫರ್‌ಪುರದಲ್ಲಿ ಒಂದೇ ಸಲದ ಮದ್ದು ಶೇಕಡಾ 95ಕ್ಕೂ ಮಿಕ್ಕು ರೋಗಿಗಳನ್ನು ಗುಣಪಡಿಸಿದ ವರದಿ 2010ರಲ್ಲೇ ಬಂದಿತು. ಆದರೆ ಅದು ರಕ್ತನಾಳದೊಳಕ್ಕೆ ಹನಿಯಾಗಿ ಇಳಿಯಬೇಕಾದ, 25 ಡಿಗ್ರಿ ಸೆಲ್ಸಿಯಸ್ ಮೀರದಂತೆ ಕಾಪಾಡಬೇಕಾದ ಮದ್ದು. ಆಸ್ಪತ್ರೆಯ ಆ ವಿಜಯವನ್ನು ಗುಡಿಸಲಿನ ಚಮಚಕ್ಕೆ ಆರೋಪಿಸುವುದು ನ್ಯಾಯವಲ್ಲ.

ಆ ಚಮಚಕ್ಕೆ ಒಗ್ಗುವ ದಾರಿ ಬೇರೆಯೇ: 2012ರಲ್ಲಿ ಕೂಡಿಕೊಂಡ ಒಂದು ಒಕ್ಕೂಟವು ಪ್ರಾಜಿಕ್ವಾಂಟೆಲ್ಲಿನ ಕಹಿಯಾದ ಅರ್ಧವನ್ನು ಬೇರ್ಪಡಿಸಿ, ನೀರಿನಲ್ಲಿ ಕದಡುವ 150 ಮಿಲಿಗ್ರಾಮಿನ ಗುಳಿಗೆಯನ್ನು ಮೂರು ತಿಂಗಳಿಂದ ಆರು ವರ್ಷದ ಮಕ್ಕಳಿಗೆಂದು ಸಿದ್ಧಪಡಿಸಿತು. ಐವರಿ ಕೋಸ್ಟ್, ಕೀನ್ಯಾಗಳಲ್ಲಿ ಪರೀಕ್ಷೆಗೊಳಗಾಗಿ, 2024ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪೂರ್ವಾರ್ಹತೆ ಪಡೆದ ಆ ಗುಳಿಗೆಯಲ್ಲಿ ನ್ಯಾನೋಕಣವಿಲ್ಲ.